ನರ್ಸಿಂಗ್ ಸೇರಲು ಸಿಇಟಿ ಬೇಕೇ? ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು?

“ಪಿಯುಸಿ ರಿಸಲ್ಟ್ ಬರಲಿ, ಆಮೇಲೆ ನರ್ಸಿಂಗ್ ನೋಡೋಣ.” ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಕಡೆಯ ಮನೆಗಳಲ್ಲಿ ಮಾಮೂಲಿಯಾಗಿ ಕೇಳುವ ಮಾತಿದು. ಕೇಳಲು ಸರಿಯೆನಿಸುತ್ತದೆ. ಆದರೆ ಈ ಒಂದು ಮಾತನ್ನು ನಂಬಿ ಕೂತರೆ ಸರ್ಕಾರಿ ಕೋಟಾದ ಬಿ.ಎಸ್ಸಿ ನರ್ಸಿಂಗ್ ಸೀಟು ಆ ವರ್ಷ ಕೈತಪ್ಪಿತೆಂದೇ ಲೆಕ್ಕ. ಇದರ ಜೊತೆಗೆ ಹರಿದಾಡುವ ಇನ್ನೂ ಕೆಲವು ಮಾತುಗಳನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ.

“ಫಲಿತಾಂಶ ಬಂದ ಮೇಲೆ ಅರ್ಜಿ ಹಾಕಿದರೆ ಸಾಕು”: ಅರ್ಧ ಸತ್ಯ

ನರ್ಸಿಂಗ್‌ನಲ್ಲಿ ಒಂದಕ್ಕಿಂತ ಹೆಚ್ಚು ಕೋರ್ಸುಗಳಿವೆ. ಗೊಂದಲ ಹುಟ್ಟುವುದೇ ಇಲ್ಲಿ.

ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ. ಕಲಾ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದಲ್ಲಿ ಪಿಯುಸಿ ಮಾಡಿದವರೂ ಸೇರಬಹುದು. ಇದಕ್ಕೆ ಸಿಇಟಿ ಬೇಕಿಲ್ಲ. ಹಾಗಾಗಿ ಮೇಲಿನ ಮಾತು ಜಿಎನ್‌ಎಂ ಮಟ್ಟಿಗೆ ಸರಿ.

ಬಿ.ಎಸ್ಸಿ ನರ್ಸಿಂಗ್ ನಾಲ್ಕು ವರ್ಷದ ಪದವಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಕನಿಷ್ಠ ಶೇ 45 ಅಂಕ (ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಶೇ 40) ಇರಬೇಕು. ಇಂಗ್ಲಿಷ್‌ನಲ್ಲಿ ಪಾಸಾಗಿರಬೇಕು. ಆ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಇದರ ಸರ್ಕಾರಿ ಕೋಟಾ ಸೀಟುಗಳು 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಸಿಇಟಿ ಮೂಲಕ ಹಂಚಿಕೆಯಾಗುತ್ತಿವೆ. “ನಮ್ಮ ಅಕ್ಕ ಸಿಇಟಿ ಬರೆಯದೆ ಸೇರಿದಳು” ಎಂದು ಯಾರಾದರೂ ಹೇಳಿದರೆ ಅದು ಸುಳ್ಳಿರಲಿಕ್ಕಿಲ್ಲ. ಆದರೆ ಅದು ಅಂದಿನ ನಿಯಮ.

ಸಿಇಟಿ ಅರ್ಜಿ ಸಾಮಾನ್ಯವಾಗಿ ಜನವರಿ-ಫೆಬ್ರುವರಿಯಲ್ಲಿ ಇರುತ್ತದೆ, ಪರೀಕ್ಷೆ ಏಪ್ರಿಲ್‌ನಲ್ಲಿ. ಪಿಯುಸಿ ಫಲಿತಾಂಶ ಕೈಗೆ ಬರುವ ಹೊತ್ತಿಗೆ ಅರ್ಜಿಯ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ನರ್ಸಿಂಗ್ ಬಗ್ಗೆ ಇನ್ನೂ ಮನಸ್ಸು ಗಟ್ಟಿಯಾಗದಿದ್ದರೂ ಸಿಇಟಿಗೆ ಅರ್ಜಿ ಹಾಕಿಡುವುದೇ ಜಾಣತನ.

“ನೀಟ್ ಬರೆಯದಿದ್ದರೆ ನರ್ಸಿಂಗ್ ಇಲ್ಲ”: ತಪ್ಪು

ರಾಜ್ಯದ ಸರ್ಕಾರಿ ಕೋಟಾ ಸೀಟಿಗೆ ಸಿಇಟಿ ಸಾಕು. ಸೇನಾ ಆಸ್ಪತ್ರೆಗಳ ನರ್ಸಿಂಗ್ ಕಾಲೇಜು ಸೇರಬೇಕೆನ್ನುವವರಿಗೆ ನೀಟ್ ಅಂಕ ಬೇಕು. ಏಮ್ಸ್ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತದೆ.

“ನರ್ಸಿಂಗ್‌ಗೆ ಬಯಾಲಜಿ ಓದಿದರೆ ಸಾಕು”: ತಪ್ಪು

ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಮೂರು ವಿಷಯ ಸೇರಿ 180 ಅಂಕ. ಕಷ್ಟವೆಂದು ಭೌತಶಾಸ್ತ್ರವನ್ನು ಬಿಟ್ಟರೆ ಮೂರನೇ ಒಂದು ಭಾಗ ಅಂಕವನ್ನೇ ಬಿಟ್ಟಂತೆ. ಗಣಿತ ಪತ್ರಿಕೆ ಮಾತ್ರ ನರ್ಸಿಂಗ್‌ಗೆ ಬೇಕಿಲ್ಲ.

ಒಂದು ಪ್ರಶ್ನೆಗೆ ಸಿಗುವ ಸಮಯ 80 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನಾಲ್ಕು ಆಯ್ಕೆಗಳಲ್ಲಿ ಒಂದು ಸರಿ. ಗೊತ್ತಿಲ್ಲದ 12 ಪ್ರಶ್ನೆಗಳನ್ನು ಖಾಲಿ ಬಿಟ್ಟರೆ ಸಿಗುವುದು ಸೊನ್ನೆ. ಊಹಿಸಿ ಗುರುತು ಹಾಕಿದರೆ ಸರಾಸರಿ 3 ಅಂಕ ಸಿಗಬಹುದು. ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಆದರೆ ಇದೇ ಲೆಕ್ಕವನ್ನು ಏಮ್ಸ್ ಪರೀಕ್ಷೆಗೆ ಹಚ್ಚಬೇಡಿ, ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿದೆ.

“ಈ ಹಳೇ ನೋಟ್ಸ್ ಓದಿದರೆ ಸೀಟು ಗ್ಯಾರಂಟಿ”: ಎಚ್ಚರ

ಸಿಇಟಿ ಪ್ರಶ್ನೆಗಳು ಬರುವುದು ಪ್ರಥಮ ಮತ್ತು ದ್ವಿತೀಯ ಪಿಯುಸಿ ಪಠ್ಯದಿಂದ. ಪಠ್ಯದಲ್ಲಿ ಕಡಿತವಾದ ಭಾಗಗಳು ಹಳೆಯ ಪಿಡಿಎಫ್‌ಗಳಲ್ಲಿ ಹಾಗೆಯೇ ಉಳಿದಿರುತ್ತವೆ. 2024ರ ಸಿಇಟಿಯಲ್ಲಿ ಪಠ್ಯಕ್ಕೆ ಹೊರತಾದ ಪ್ರಶ್ನೆಗಳು ಬಂದವೆಂದು ದೊಡ್ಡ ಗಲಾಟೆಯಾಗಿ, ನಾಲ್ಕು ವಿಷಯಗಳಿಂದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಹಾಗಾಗಿ ಮೊದಲು ಆ ವರ್ಷದ ಪಠ್ಯಕ್ರಮ ಇಟ್ಟುಕೊಳ್ಳಿ, ನಂತರ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ.

“ರಾತ್ರಿಯಿಡೀ ಓದಿ, ನೆನಪಿನ ಗುಳಿಗೆ ನುಂಗಿ”: ತಪ್ಪು

ಓದಿದ್ದು ಮಿದುಳಿನಲ್ಲಿ ಗಟ್ಟಿಯಾಗುವ ಕೆಲಸ ನಿದ್ರೆಯಲ್ಲೂ ನಡೆಯುತ್ತದೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕು ಎನ್ನುತ್ತಾರೆ ನಿದ್ರಾತಜ್ಞರು. ಪರೀಕ್ಷೆಗೆ ವಾರವಿರುವಾಗ ನುಂಗುವ ಯಾವ ಗುಳಿಗೆಯೂ ಓದಿನ ಜಾಗ ತುಂಬಲಾರದು.

ಹಾಗಾದರೆ ಯಾವುದು ನೆರವಾಗುತ್ತದೆ? 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರಿಗೆ ವಾರದ ನಂತರ ನೆನಪಿದ್ದದ್ದು ಸುಮಾರು ಶೇ 40. ಒಮ್ಮೆ ಓದಿ, ನಂತರ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ ಸುಮಾರು ಶೇ 61. ಅಂದರೆ ಹೃದಯದ ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿ, ನಾಲ್ಕು ಕೋಣೆ ಬರೆದು, ರಕ್ತ ಹರಿಯುವ ದಾರಿ ಗುರುತಿಸಿ. ಆಮೇಲೆ ಪುಸ್ತಕ ತೆರೆದು ತಪ್ಪು ತಿದ್ದಿಕೊಳ್ಳಿ. ಇದಕ್ಕೆ ಕೋಚಿಂಗ್ ಬೇಡ, ಡೇಟಾ ಪ್ಯಾಕೂ ಬೇಡ.

ಓದಿನಷ್ಟೇ ಮುಖ್ಯವಾದ ಕಾಗದಗಳು

1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದವರಿಗೆ ಶೇ 15ರಷ್ಟು ಗ್ರಾಮೀಣ ಮೀಸಲಾತಿ, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರಷ್ಟು ಮೀಸಲಾತಿ ಇದೆ. ಊರು ಹಳ್ಳಿ ಎಂದ ಮಾತ್ರಕ್ಕೆ ಗ್ರಾಮೀಣ ಕೋಟಾ ಸಿಗುವುದಿಲ್ಲ. ಏಳನೇ ತರಗತಿವರೆಗೆ ಹಳ್ಳಿಯಲ್ಲಿ ಓದಿ, ಹೈಸ್ಕೂಲಿಗೆ ನಾಗಮಂಗಲ ಅಥವಾ ಕೆ.ಆರ್.ಪೇಟೆ ಪಟ್ಟಣಕ್ಕೆ ಹೋಗಿದ್ದರೆ ಅದು ಅನ್ವಯಿಸದು. ಆದರೆ ಅವರು ಹತ್ತೂ ವರ್ಷ ಓದಿದ್ದು ಕನ್ನಡ ಮಾಧ್ಯಮದಲ್ಲಾದರೆ ಆ ಮೀಸಲಾತಿ ಕೇಳಬಹುದು.

ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ ಮತ್ತು ಬಿಇಒ ಮೇಲುಸಹಿ ಬೇಕಾಗುತ್ತದೆ. ಬೇಸಿಗೆ ರಜೆ ಶುರುವಾದರೆ ಮೇಷ್ಟ್ರನ್ನು ಹುಡುಕುವುದೇ ಕಷ್ಟ, ಮೊದಲೇ ಮಾಡಿಸಿಡಿ. ನಾಡಕಚೇರಿಯಲ್ಲಿ ಪಡೆಯುವ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ಅಂಕಿ ತಪ್ಪದಂತೆ ತುಂಬಿ.

“ಸಿಇಟಿ ಇಲ್ಲದೆ ಸರ್ಕಾರಿ ಸೀಟು, ಇಂದೇ ಹಣ ಕಟ್ಟಿ”: ನಂಬಬೇಡಿ

ಸರ್ಕಾರಿ ಕೋಟಾ ಸೀಟು ಕೊಡಿಸುವ ಅಧಿಕಾರ ಯಾವ ಏಜೆಂಟನಿಗೂ ಇಲ್ಲ. ರ‍್ಯಾಂಕ್, ಮೀಸಲಾತಿ ಮತ್ತು ನೀವು ತುಂಬಿದ ಆಪ್ಷನ್ ನೋಡಿ ಕೆಇಎ ಸೀಟು ಹಂಚುತ್ತದೆ. ಫೋನ್‌ಪೇ ನಂಬರ್ ಕೊಟ್ಟು ಮುಂಗಡ ಕೇಳುವವರಿಗೆ ಹಣವನ್ನೂ ಕೊಡಬೇಡಿ, ಮೂಲ ಅಂಕಪಟ್ಟಿಯನ್ನೂ ಕೊಡಬೇಡಿ. “ಆರೇ ತಿಂಗಳಲ್ಲಿ ನರ್ಸ್” ಎಂಬ ಜಾಹೀರಾತಿನದೂ ಇದೇ ಕತೆ. ಅಂಥ ಸರ್ಟಿಫಿಕೇಟ್ ಹಿಡಿದು ಹೋದರೆ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನರ್ಸ್ ಆಗಿ ನೋಂದಣಿಯಾಗುವುದಿಲ್ಲ.

ಹಂಚುವುದಾದರೆ ಇಷ್ಟನ್ನು ಹಂಚಿ

ಬಿ.ಎಸ್ಸಿ ನರ್ಸಿಂಗ್ ಸರ್ಕಾರಿ ಸೀಟಿಗೆ ಸಿಇಟಿ ಬೇಕು, ಜಿಎನ್‌ಎಂಗೆ ಬೇಡ. ಪಿಯುಸಿ ಫಲಿತಾಂಶಕ್ಕೆ ಕಾಯದೆ ಅರ್ಜಿ ಹಾಕಿ. ಮೂರೂ ವಿಷಯ ಓದಿ, ಪುಸ್ತಕ ಮುಚ್ಚಿ ಬರೆದು ನೋಡಿ, ಚೆನ್ನಾಗಿ ನಿದ್ದೆ ಮಾಡಿ. ದಿನಾಂಕ, ಶುಲ್ಕ, ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಯಾವುದೇ ಸಂದೇಶ ಬಂದರೂ ಕೆಇಎ ಅಧಿಕೃತ ಜಾಲತಾಣದಲ್ಲಿ ನೋಡಿ ಖಚಿತಪಡಿಸಿಕೊಂಡೇ ಮುಂದಕ್ಕೆ ಕಳಿಸಿ.