ದೋಆಬ್ ಎಂಬ ಶಬ್ದವೂ ಎಡೆದೊರೆ ನಾಡೂ

ದೇವದುರ್ಗ ತಾಲೂಕಿನ ಗೂಗಲ್ ಗ್ರಾಮದಲ್ಲಿ ಕೃಷ್ಣೆಯ ದಂಡೆಯ ಮೇಲೆ ಅಲ್ಲಮಪ್ರಭುವಿನ ಗುಡಿಯುಂಟು. ಅಲ್ಲಿ ದರ್ಶನ ಮುಗಿಸಿ, ಹೊಳೆಗೆ ಬೆನ್ನು ಮಾಡಿ ತೆಂಕಣಕ್ಕೆ ಹೊರಟವನು ಸಿರವಾರ, ಮಾನವಿಗಳ ಎರೆಯ ಹೊಲಗಳನ್ನು ದಾಟಿ, ವಿಜಯದಾಸರ ಚೀಕಲಪರವಿಯ ಬಳಿ ತುಂಗಭದ್ರೆಯನ್ನು ಕಾಣುವನು. ಈ ಎರಡು ಹೊಳೆಗಳ ನಡುವಣ ನೆಲಕ್ಕೆ ಇತಿಹಾಸದ ಪುಸ್ತಕಗಳಲ್ಲಿ ‘ರಾಯಚೂರು ದೋಆಬ್’ ಎಂದು ಹೆಸರು. ಶಾಲೆಯಲ್ಲಿ ಓದಿದವರಿಗೆಲ್ಲ ಇದು ಬಾಯಿಪಾಠವಾದ ಮಾತು. ಗೂಗಲ್ಲಿಗೆ ಹೋಗಿದ್ದಾಗ ಅಲ್ಲಿಯ ವೃದ್ಧ ರೈತರೊಬ್ಬರನ್ನು, ಈ ಸೀಮೆಗೆ ನೀವು ಏನೆನ್ನುವಿರಿ ಎಂದು ಕೇಳಿದೆನು. “ಇದು ಹೊಳಿ ಈಚಿ, ಅದು ಹೊಳಿ ಆಚಿ; ಮತ್ತೇನದರೀ?” ಎಂದರು. ದೋಆಬ್ ಎಂಬ ಶಬ್ದವನ್ನು ಅವರು ಕೇಳಿಯೇ ಇರಲಿಲ್ಲ. ನೆಲದ ಮೇಲೆ ಹುಟ್ಟಿ ಬೆಳೆದವರಿಗೆ ಗೊತ್ತಿಲ್ಲದ ಹೆಸರು ಆ ನೆಲಕ್ಕೆ ಹೇಗೆ ಅಂಟಿಕೊಂಡಿತೆಂಬ ಯೋಚನೆಯೇ ಈ ಲೇಖನಕ್ಕೆ ಕಾರಣವಾಯಿತು.

ಶಬ್ದವು ಪಾರಸಿಯದು. ‘ದೋ’ ಎಂದರೆ ಎರಡು, ‘ಆಬ್’ ಎಂದರೆ ನೀರು. ಐದು ನೀರುಗಳ ಪಂಜಾಬದಲ್ಲಿರುವ ಆಬ್ ಇದೇ. ಸಂಸ್ಕೃತದ ‘ದ್ವಿ’ ಮತ್ತು ‘ಅಪ್’ ಶಬ್ದಗಳು ಇವಕ್ಕೆ ಒಡಹುಟ್ಟಿದವುಗಳಾದ್ದರಿಂದ ಈ ಅತಿಥಿ ನಮಗೆ ತೀರ ಪರಕೀಯನೂ ಅಲ್ಲ. ಉತ್ತರ ಹಿಂದೂಸ್ಥಾನದಲ್ಲಿ ಬೇರೆ ವಿಶೇಷಣವಿಲ್ಲದೆ ದೋಆಬ್ ಎಂದರೆ ಗಂಗಾ-ಯಮುನೆಗಳ ಮಧ್ಯದ ಸೀಮೆ. ಅದನ್ನೇ ನಮ್ಮ ಪ್ರಾಚೀನರು ಅಂತರ್ವೇದಿ ಎಂದು ಕರೆದರು. ಪಂಜಾಬದಲ್ಲಿ ಎರಡೆರಡು ನದಿಗಳ ನಡುವೆ ಒಂದೊಂದು ದೋಆಬ್ ಇದ್ದು, ಅವುಗಳ ಹೆಸರುಗಳನ್ನು ಅಕಬರನ ಕಾಲದಲ್ಲಿ ನದಿನಾಮಗಳ ಅಕ್ಷರಗಳನ್ನು ಜೋಡಿಸಿ ಮಾಡಿದರೆಂದು ಹೇಳುವರು. ಬಿಯಾಸ್ ಮತ್ತು ರಾವಿಗಳ ನಡುವಣದು ಬಾರಿ ದೋಆಬ್ ಆಯಿತು. ಕಂಪನಿಯ ಅಧಿಕಾರಿಗಳು ಕಂದಾಯದ ಲೆಕ್ಕದೊಡನೆ ಈ ಮಾತನ್ನೂ ಕಲಿತು ತಮ್ಮ ಭಾಷೆಗೆ ಸೇರಿಸಿಕೊಂಡರು. ಯೂಲ್ ಮತ್ತು ಬರ್ನೆಲ್ ಎಂಬ ಪಂಡಿತರು ರಚಿಸಿ 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ನಿಘಂಟು ಇದಕ್ಕೆ ಅರ್ಥ ಬರೆಯುವಾಗ ದಕ್ಷಿಣದಲ್ಲಿ ಈ ಹೆಸರಿನಿಂದ ಪರಿಚಿತವಾದ ಸೀಮೆ ರಾಯಚೂರಿನದೊಂದೇ ಎಂದು ಹೇಳುತ್ತದೆ. ಇಂದಿಗೂ ಇಂಗ್ಲಿಷ್ ಕೋಶಗಳಲ್ಲಿ ಈ ಶಬ್ದವುಂಟು. ಇಂಗ್ಲಿಷರ ಬಾಯಲ್ಲಿ ಮಾತ್ರ ಅಪರೂಪ.

ಆದರೆ ಪಾರಸಿ ಬರುವ ಮೊದಲು ಈ ನಾಡು ಹೆಸರಿಲ್ಲದೆ ಇತ್ತೇ? ಇರಲಿಲ್ಲ. ಶಾಸನಗಳಲ್ಲಿ ‘ಎಡೆದೊರೆ ಎರಡು ಸಾಸಿರ’ ಎಂಬ ನಾಡು ಕಾಣುತ್ತದೆ. 11ನೆಯ ಶತಮಾನದ ಆರಂಭದಲ್ಲಿ ರಾಜೇಂದ್ರ ಚೋಳನು ತಾನು ಗೆದ್ದ ನಾಡುಗಳನ್ನು ಎಣಿಸುವಾಗ ಬನವಾಸಿಯ ಜೊತೆಗೆ ಇದನ್ನೂ ತನ್ನ ತಮಿಳು ಪ್ರಶಸ್ತಿಯಲ್ಲಿ ಹೇಳಿಕೊಂಡಿದ್ದಾನೆ. ಅಲ್ಲಿ ಅದು ‘ಇಡೈತುರೈ ನಾಡು’. ಮೊದಮೊದಲು ಕೆಲವು ವಿದ್ವಾಂಸರು ಇದನ್ನು ಮೈಸೂರು ಕಡೆಯ ಕಾವೇರಿ ತೀರದ ಎಡತೊರೆಯೆಂದು ಭಾವಿಸಿದ್ದರು. ಅದು ಕೃಷ್ಣಾ-ತುಂಗಭದ್ರೆಗಳ ನಡುವಣ ನಮ್ಮ ಸೀಮೆಯೆಂದು ಗುರುತಿಸಿದವರು ಫ್ಲೀಟ್ ಸಾಹೇಬರು. ಎಡೆ ಎಂದರೆ ನಡುವೆ, ತೊರೆ ಎಂದರೆ ಹೊಳೆ. ಎರಡೂ ಕೂಡುವಲ್ಲಿ ತಕಾರಕ್ಕೆ ದಕಾರವು ಆದೇಶವಾಗಿ ಎಡೆದೊರೆಯಾಯಿತು. ಆದುದರಿಂದ ಇಲ್ಲಿಯ ‘ದೊರೆ’ ಅರಸನಲ್ಲವೆಂಬುದನ್ನು ಮಕ್ಕಳಿಗೆ ತಿಳಿಸಿ ಹೇಳಬೇಕಾಗುವದು. ಯವನರು ತಮ್ಮ ನುಡಿಯಲ್ಲಿ ಟೈಗ್ರಿಸ್-ಯುಫ್ರೆಟಿಸ್ ನದಿಗಳ ನಾಡನ್ನು ಮೆಸೊಪೊಟೇಮಿಯಾ ಎಂದುದೂ ಇದೇ ಬಗೆಯಲ್ಲಿ: ನದಿಗಳ ಮಧ್ಯದ್ದು ಎಂದೇ ಅದರ ಅರ್ಥ. ಪಾರಸಿಯು ನೀರನ್ನೆಣಿಸಿತು, ಕನ್ನಡವೂ ಯವನಭಾಷೆಯೂ ನಡುವಣ ನೆಲವನ್ನು ನೋಡಿದವು. ನನಗೆ ಈ ಎರಡನೆಯ ನೋಟವೇ ಹೆಚ್ಚು ಮೆಚ್ಚಿಗೆ. ಏಕೆಂದರೆ ಜನರು ಬಾಳುವದು ನೆಲದ ಮೇಲೆ.

ನಮ್ಮ ಪೂರ್ವದಲ್ಲಿ, ಎರಡು ಹೊಳೆಗಳು ಆಲಂಪುರದ ಸಮೀಪ ಕೂಡುವ ಮೊದಲಿನ ಗದ್ವಾಲ ಸೀಮೆಗೆ ತೆಲುಗರು ಈಗಲೂ ‘ನಡಿಗಡ್ಡ’ ಎನ್ನುವರು. ಇದು ನಮ್ಮ ‘ನಡುಗಡ್ಡೆ’ಯ ಅಕ್ಕನೋ ತಂಗಿಯೋ ಆಗಿರಬೇಕು. ಅವರ ಹೆಸರು ಬಾಯಲ್ಲಿ ಉಳಿಯಿತು. ನಮ್ಮದು ಕಲ್ಲಿನಲ್ಲಿ ಮಾತ್ರ ಉಳಿಯಿತು.

ಹೆಸರು ಬದಲಾದುದಷ್ಟೇ ಆಗಿದ್ದರೆ ಹೆಚ್ಚಿನ ನಷ್ಟವಿರಲಿಲ್ಲ. ಶಬ್ದಗಳು ಒಂಟಿಯಾಗಿ ಬರುವದಿಲ್ಲ. ಹಿಂದಿನ ಮನೆಯ ನಂಟನ್ನೂ ತರುತ್ತವೆ. ದೋಆಬ್ ಎಂದೊಡನೆ ಓದಿದವನ ಕಣ್ಣ ಮುಂದೆ ಗಂಗಾ-ಯಮುನೆಗಳ ಮೆಕ್ಕಲುಮಣ್ಣಿನ ಬಯಲು ನಿಲ್ಲುವದು. ಆ ಬಯಲಿನ ‘ಫಲವತ್ತಾದ’ ಎಂಬ ವಿಶೇಷಣವು ಹೀಗೆಯೇ ರಾಯಚೂರಿಗೂ ಬಂದು ಸೇರಿತೆಂದು ನನಗೆ ತೋರುತ್ತದೆ. ‘ಫಲವತ್ತಾದ ರಾಯಚೂರು ದೋಆಬಿಗಾಗಿ ವಿಜಯನಗರಕ್ಕೂ ಬಹಮನಿಗೂ ಯುದ್ಧವಾಯಿತು’ ಎಂಬ ವಾಕ್ಯವನ್ನು ಒಂದು ಪುಸ್ತಕದಿಂದ ಇನ್ನೊಂದು ಪುಸ್ತಕವು ಎತ್ತಿಕೊಳ್ಳುತ್ತ ಬಂದಿದೆ. ನಮ್ಮ ಎರೆಭೂಮಿಯು ಸಾರವುಳ್ಳದ್ದು, ನಿಜ. ಆದರೆ ಮಳೆ ಸ್ವಲ್ಪ, ಅದೂ ನಂಬಲಾಗದ್ದು. ಎರಡು ನದಿಗಳೂ ತಗ್ಗಿನಲ್ಲಿ ಹರಿದುಹೋಗುವವು; ಅವುಗಳ ನೀರು ಹೊಲಕ್ಕೆ ತಾನಾಗಿ ಏರುವದಿಲ್ಲ. ಜೋಳವೂ ಹತ್ತಿಯೂ ಆಕಾಶವನ್ನು ನೋಡುತ್ತ ಬೆಳೆದವು. ದಖ್ಖಣವನ್ನು ಹಾಳುಗೆಡಹಿದ 1876-78ರ ಬರವು ಎರಡು ನದಿಗಳ ನಡುವೆ ಇದ್ದವರನ್ನೂ ಬಿಡಲಿಲ್ಲ.

ಹಾಗಾದರೆ ಅರಸರು ಹೋರಾಡಿದುದು ಏತಕ್ಕೆ? ರಾಯಚೂರು, ಮುದಗಲ್ಲುಗಳ ಕೋಟೆಗಳಿಗೆ. ಹಟ್ಟಿಯ ಸುತ್ತಣ ಚಿನ್ನದ ಆಸೆಯೂ ಇದ್ದೀತು. ಎಲ್ಲಕ್ಕೂ ಮಿಗಿಲಾಗಿ, ಶತ್ರುವಿನ ಹೊಳೆಯನ್ನು ತನ್ನ ಕಂದಕವನ್ನಾಗಿ ಮಾಡಿಕೊಳ್ಳುವದಕ್ಕೆ. 1520ರ ಯುದ್ಧವನ್ನು ವರ್ಣಿಸಿದ ಪೋರ್ತುಗೀಜ ನೂನಿಜನು, ಕುದುರೆ ಕೊಳ್ಳಲು ಕೃಷ್ಣದೇವರಾಯನು ಕೊಟ್ಟ ಹಣದೊಡನೆ ಒಬ್ಬನು ಆದಿಲಶಾಹಿಗೆ ಓಡಿಹೋದುದೇ ಕಲಹಕ್ಕೆ ನೆಪವಾಯಿತೆನ್ನುತ್ತಾನೆ. ಹೊಳೆ ದಾಟಿ ಬಂದ ಇಸ್ಮಾಯಿಲ್ ಆದಿಲಶಹನ ದಂಡು ಸೋತು ಓಡುವಾಗ ಕೃಷ್ಣೆಯಲ್ಲಿ ಬಹುಜನ ಮುಳುಗಿದರೆಂದೂ ಅವನೇ ಬರೆದಿದ್ದಾನೆ. ಅಂದು ಆ ಎರಡು ನೀರುಗಳು ಬೆಳೆಗೆ ಆದುದಕ್ಕಿಂತ ಕಾವಲಿಗೇ ಹೆಚ್ಚು ಆದವು.

ಮುಂದೆ ಈ ಶಬ್ದವು ಇನ್ನೂ ಕೆಳಗಿಳಿದು ಅಡವಿನ ಪತ್ರದ ಶಬ್ದವಾಯಿತು. ಹೈದರಾಬಾದ್ ಕಂಟಿಂಜೆಂಟ್ ಎಂಬ ದಂಡಿನ ವೆಚ್ಚದ ಸಾಲಕ್ಕಾಗಿ ನಿಜಾಮರು 1853ರ ಒಪ್ಪಂದದಲ್ಲಿ ವರ್ಹಾಡ, ಧಾರಾಶಿವಗಳೊಡನೆ ‘ರಾಯಚೂರು ದೋಆಬ್’ ಅನ್ನು ಇಂಗ್ಲಿಷರ ವಶಕ್ಕೆ ಕೊಟ್ಟರು. 1857ರ ದಂಗೆಯಲ್ಲಿ ದೊರೆತ ಸಹಾಯವನ್ನು ನೆನೆದು 1860ರಲ್ಲಿ ಇಂಗ್ಲಿಷರು ಅದನ್ನು ಮರಳಿಸಿದರು. ಏಳು ವರ್ಷ ಅಡವಿನಲ್ಲಿದ್ದ ನಾಡಿನ ಜನರನ್ನು ಹೋಗುವಾಗಲೂ ಬರುವಾಗಲೂ ಯಾರೂ ಕೇಳಲಿಲ್ಲ.

1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟ ಮೇಲೆ ಸಿಂಧನೂರು, ಮಾನವಿಗಳಲ್ಲಿ ಭತ್ತದ ಗದ್ದೆಗಳೆದ್ದವು. ಆ ಬಳಿಕ ನಾರಾಯಣಪುರದ ಬಲದಂಡೆ ಕಾಲುವೆಯು ಕೃಷ್ಣೆಯ ನೀರನ್ನು ದೇವದುರ್ಗದ ಕಡೆಗೆ ತಂದಿತು. ಪುಸ್ತಕಗಳು ಅಷ್ಟು ಕಾಲ ಮುಂಚಿತವಾಗಿಯೇ ಬರೆದಿಟ್ಟ ‘ಫಲವತ್ತಾದ’ ಎಂಬ ಮಾತು ಈಗ ಕಾಲುವೆಯ ಮೇಲ್ಭಾಗದ ಊರುಗಳಿಗೆ ಸಲ್ಲುತ್ತದೆ. ಕೆಳತುದಿಯ ಊರುಗಳವರು ಇಂದಿಗೂ ತಮ್ಮ ಪಾಳಿಯ ನೀರಿಗಾಗಿ ತೂಬಿನ ಬಳಿ ರಾತ್ರಿ ಕಾದು ಕುಳಿತಿರುವರು.