ಭುಜದಿಂದ ಕೋನಕ್ಕೆ: ತ್ರಿಭುಜಗಣಿತದ ಒಂದು ಚಾರಿತ್ರಿಕ ಪರಿಶೀಲನೆ

ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬುದು ಇಂದು ಶಾಲಾ ಗಣಿತದ ಮೂಲಪಾಠ. ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡನ ಗ್ರಂಥದ ಮೊದಲ ಭಾಗದ 32ನೆಯ ಪ್ರಮೇಯವು ಈ ಮೊತ್ತವು ಎರಡು ಲಂಬಕೋನಗಳಿಗೆ ಸಮವೆಂದು ಸಾಧಿಸುತ್ತದೆ. ಕರ್ನಾಟಕದ ಪ್ರಾಚೀನ ಗಣಿತವಾದರೋ ತ್ರಿಭುಜವನ್ನು ಬೇರೊಂದು ಬಗೆಯಲ್ಲಿ ಕಂಡಿತು.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ವು ತ್ರಿಭುಜಗಳನ್ನು ಸಮ, ದ್ವಿಸಮ, ವಿಷಮ ಎಂದು ವಿಂಗಡಿಸುತ್ತದೆ. ಇಲ್ಲಿ ವಿಂಗಡಣೆಗೆ ಆಧಾರ ಭುಜಗಳೇ ಹೊರತು ಕೋನಗಳಲ್ಲ. ಕ್ಷೇತ್ರಫಲವನ್ನೂ ಭುಜಗಳಿಂದಲೇ ಪಡೆಯಲಾಗುತ್ತದೆ. 13, 14, 15 ಭುಜಗಳ ತ್ರಿಭುಜವನ್ನು ಪರಿಗಣಿಸಬಹುದು. ಭುಜಗಳ ಮೊತ್ತದ ಅರ್ಧ 21; ಅದರಿಂದ ಒಂದೊಂದು ಭುಜವನ್ನು ಕಳೆದರೆ 8, 7, 6. ಈ ನಾಲ್ಕು ಸಂಖ್ಯೆಗಳ ಗುಣಲಬ್ಧ 7056; ಅದರ ವರ್ಗಮೂಲವಾದ 84 ಕ್ಷೇತ್ರಫಲ. ಹೊಲವನ್ನು ಅಳೆಯುವವನಿಗೆ ಹಗ್ಗವೊಂದಿದ್ದರೆ ಸಾಕು. ಕೋನವನ್ನು ಅಳೆಯುವ ಅಗತ್ಯವಿಲ್ಲ. ಖಗೋಳಗಣಿತದಲ್ಲಿಯೂ ಆರ್ಯಭಟನ (499) ಜ್ಯಾ ಕೋನಕ್ಕೆ ಸೇರಿದುದಲ್ಲ, ವೃತ್ತದ ಚಾಪಕ್ಕೆ ಸೇರಿದುದು.

ಯೂಕ್ಲಿಡನ ಕೋನವಿಚಾರವು ಸಂಸ್ಕೃತಕ್ಕೆ ಬಂದುದು 18ನೆಯ ಶತಮಾನದ ಪೂರ್ವಾರ್ಧದಲ್ಲಿ. ಸವಾಯಿ ಜಯಸಿಂಹನ ಆಶ್ರಯದಲ್ಲಿದ್ದ ಜಗನ್ನಾಥ ಸಮ್ರಾಟನು ನಾಸಿರುದ್ದೀನ್ ತೂಸಿಯ ಅರಬ್ಬೀ ಪಾಠವನ್ನು 'ರೇಖಾಗಣಿತ'ವೆಂದು ಅನುವಾದಿಸಿದನು. ಕರ್ನಾಟಕದ ನೆಲದಲ್ಲಿ ಕೋನಮಾಪನವು ವ್ಯಾಪಕವಾಗಿ ಬಳಕೆಗೆ ಬಂದುದು ಮುಂದೆ ಭೂಮಾಪನದ ಮೂಲಕ. 1799ರಲ್ಲಿ ಟಿಪ್ಪುವಿನ ಪತನವಾದ ತರುವಾಯ, ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದನು. ಒಂದು ಭುಜವನ್ನು ನೆಲದ ಮೇಲೆ ಅಳೆದು, ಉಳಿದುದನ್ನು ಥಿಯೊಡೊಲೈಟ್ ಯಂತ್ರದಿಂದ ಪಡೆದ ಕೋನಗಳ ಮೂಲಕ ಗಣಿಸುವುದು ಈ ವಿಧಾನದ ತಿರುಳು. ಬೆಟ್ಟ ಕಣಿವೆಗಳ ನಾಡಿನಲ್ಲಿ ಹಗ್ಗ ತಲುಪದ ದೂರವನ್ನು ನೋಟ ತಲುಪಿತು.

ಮೂರೂ ಕೋನಗಳನ್ನು ಅಳೆದು ಕೂಡಿಸಿದಾಗ ಮೋಜಣಿಯ ದೋಷ ಬಯಲಾಗುತ್ತಿತ್ತು. ಆದರೆ ಭೂಮಿ ಗೋಲಾಕಾರವಾದುದರಿಂದ ವಿಶಾಲ ತ್ರಿಭುಜಗಳಲ್ಲಿ ಮೊತ್ತವು 180 ಡಿಗ್ರಿಯನ್ನು ಕಿಂಚಿತ್ತು ಮೀರುತ್ತದೆ. ಸುಮಾರು 200 ಚದರ ಕಿಲೋಮೀಟರಿಗೆ ಒಂದು ಸೆಕೆಂಡಿನಷ್ಟು. ಯೂಕ್ಲಿಡನ ಪ್ರಮೇಯವು ಸಮತಲಕ್ಕೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಭೂಮಾಪಕರು ಲೆಕ್ಕದಲ್ಲಿ ಗಮನಿಸಲೇಬೇಕಾಯಿತು.

ಹೀಗಾಗಿ ಮಹಾವೀರನಲ್ಲಿ ಕೋನವಿಲ್ಲದಿರುವುದನ್ನು ಕೊರತೆಯೆಂದು ಎಣಿಸುವುದು ಸರಿಯಲ್ಲ. ಇಂದಿನದೆಲ್ಲವೂ ಅಂದೇ ಇತ್ತೆಂದು ಅಭಿಮಾನದಿಂದ ಅವನಿಗೆ ಆರೋಪಿಸುವುದೂ ಸರಿಯಲ್ಲ. ಅಳೆಯಬೇಕಾದ ವಸ್ತು ಬದಲಾದಂತೆ ತ್ರಿಭುಜವನ್ನು ಅರಿಯುವ ಬಗೆಯೂ ಬದಲಾಯಿತು. 'ತ್ರಿಭುಜ', 'ತ್ರಿಕೋನ' ಎಂಬ ಎರಡು ಹೆಸರುಗಳನ್ನೂ ಉಳಿಸಿಕೊಂಡಿರುವ ಕನ್ನಡವು ಈ ಎರಡೂ ದೃಷ್ಟಿಗಳಿಗೆ ಎಡೆಗೊಟ್ಟಿದೆ.