ಕಡಲಿಲ್ಲದ ಕೋಲಾರಕ್ಕೆ ಹಡಗಿನ ನಂಟು

ವಿಶ್ವ ವ್ಯಾಪಾರದ ಸರಕಿನಲ್ಲಿ ಪ್ರಮಾಣದ ಲೆಕ್ಕದಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಸಾಗುವುದು ಸಮುದ್ರ ಮಾರ್ಗದಲ್ಲಿ. ಬಂದರಿನಿಂದ ದೂರವಿರುವ ಊರುಗಳಿಗೂ ಇದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ಸಾಮಾನ್ಯ. ಕೋಲಾರದ ಚಿನ್ನದ ಗಣಿಗಳ ಇತಿಹಾಸ ಬೇರೆಯದೇ ಚಿತ್ರಣ ನೀಡುತ್ತದೆ.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿ ಗಣಿಗಾರಿಕೆ ಕೈಗೆತ್ತಿಕೊಂಡಾಗ ಮೈಸೂರು ಸೀಮೆಗೆ ಸ್ವಂತ ಬಂದರು ಇರಲಿಲ್ಲ. ಮಂಗಳೂರು ಮದರಾಸು ಪ್ರಾಂತ್ಯಕ್ಕೂ, ಕಾರವಾರ ಮುಂಬಯಿ ಪ್ರಾಂತ್ಯಕ್ಕೂ ಸೇರಿದ್ದವು. ಆದರೆ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ, ಮದರಾಸು-ಬೆಂಗಳೂರು ರೈಲು ಮಾರ್ಗದಲ್ಲಿತ್ತು. 1869ರಲ್ಲಿ ತೆರೆದ ಸೂಯೆಜ್ ಕಾಲುವೆ ಇಂಗ್ಲೆಂಡಿನ ಪ್ರಯಾಣವನ್ನು ಮೊಟಕುಗೊಳಿಸಿತ್ತು. ಇಂಗ್ಲೆಂಡಿನ ಯಂತ್ರಗಳು, ಕಾರ್ನ್‌ವಾಲ್‌ನ ಅನುಭವಿ ಗಣಿಗಾರರು ಹಡಗೇರಿ ಬಂದು ರೈಲಿನಲ್ಲಿ ಈ ನಿಲ್ದಾಣ ತಲುಪಿದರು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಶಾಖಾ ಮಾರ್ಗವೇ ಸಿದ್ಧವಾಯಿತು.

1902ರ ವಿದ್ಯುತ್ ಯೋಜನೆಯೂ ಕಡಲಿನ ಕೊಡುಗೆಯೇ. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಜನರೇಟರ್‌ಗಳು, ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಸಂಸ್ಥೆಯ ಟರ್ಬೈನ್‌ಗಳು ಸಾಗರ ದಾಟಿ ಬಂದವು. ಶಿವನಸಮುದ್ರದ ಕಡಿದಾದ ಹಾದಿಯಲ್ಲಿ ಅವನ್ನು ಎಳೆದದ್ದು ಆನೆ, ಎತ್ತುಗಳು. ಅಲ್ಲಿಂದ ಸುಮಾರು 147 ಕಿ.ಮೀ. ದೂರದ ಗಣಿಗಳಿಗೆ ವಿದ್ಯುತ್ ಹರಿಯಿತು.

ಭಾರವಾದ ಸರಕು ಒಳಬಂದರೆ, ಹೊರಹೋದದ್ದು ಪುಟ್ಟ ಗಟ್ಟಿಗಳು. ಅವು ರೈಲಿನಲ್ಲಿ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಲಂಡನ್ನಿಗೆ ತೆರಳುತ್ತಿದ್ದವು. ಲಾಭಾಂಶ ಅಲ್ಲಿನ ಷೇರುದಾರರ ಪಾಲಾದರೆ, ಸಂಸ್ಥಾನಕ್ಕೆ ದಕ್ಕಿದ್ದು ರಾಜಧನ, ಕಾರ್ಮಿಕರಿಗೆ ಕೂಲಿ. ಮೊದಲ ಮಹಾಯುದ್ಧದಲ್ಲಿ ಸಮುದ್ರಯಾನ ಅಪಾಯಕರವಾಯಿತು. 1918ರಲ್ಲಿ ಮುಂಬಯಿಯಲ್ಲಿ ರಾಯಲ್ ಮಿಂಟ್‌ನ ಶಾಖೆಯೊಂದು ನಾಣ್ಯ ಟಂಕಿಸಿತು.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದವು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕೆಲಸ ನಿಲ್ಲಿಸಿತು. ಒಟ್ಟಾರೆ ದೊರೆತ ಸುಮಾರು 800 ಟನ್ ಚಿನ್ನವನ್ನು ತೂಕದ ಮಿತಿಗೆ ತಕ್ಕಂತೆ ಇಂದಿನ ಕಂಟೇನರ್‌ಗಳಿಗೆ ತುಂಬಿದರೆ ಮೂವತ್ತರಷ್ಟು ಸಾಕು. 2021ರಲ್ಲಿ ಸೂಯೆಜ್‌ನಲ್ಲಿ ಸಿಲುಕಿ ಆರು ದಿನ ಸಂಚಾರ ತಡೆದ 'ಎವರ್ ಗಿವನ್' ಹಡಗಿನ ಸಾಮರ್ಥ್ಯ 20 ಸಾವಿರಕ್ಕೂ ಅಧಿಕ.

ಅದೇ ರೈಲು ಮಾರ್ಗದಲ್ಲಿ ಈಗ ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೊ ಇದೆ. ಅಲ್ಲಿಂದ ಚೆನ್ನೈ ಬಂದರಿಗೆ ಹೊರಡುವ ಗೂಡ್ಸ್ ರೈಲುಗಳು ಬಂಗಾರಪೇಟೆಯ ಮೂಲಕವೇ ಸಾಗುತ್ತವೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭವಾದಾಗ ಅನೇಕ ಕಂಪನಿಗಳು ಆಫ್ರಿಕಾ ಬಳಸಿ ಹೋಗುವ, ಸೂಯೆಜ್‌ಗೆ ಮುಂಚಿನ ಹಳೆಯ ದಾರಿ ಹಿಡಿದವು.